ಮನೆ ಮಂಜೂರಾತಿಯ ಮೇಲೆ ಊರಿನ ಕಣ್ಣು: ಹೊಸದಾಗಿ ಪಂಚಾಯಿತಿಗೆ ಆರಿಸಿ ಬಂದವರಿಗೆ

ಬಡವರ ಮನೆಗೆ ಸರ್ಕಾರದ ಹಣ ಬಿಡುವ ರಾಜೀವ್ ಗಾಂಧಿ ವಸತಿ ನಿಗಮ ಇರುವುದು ಬೆಂಗಳೂರಿನಲ್ಲಿ. ಮನೆ ಬೇಕಾದವರು ಇರುವುದು ನಮ್ಮ ಓಣಿಯಲ್ಲಿ. ನಡುವೆ ಒಂದು ರಾತ್ರಿಯ ಪ್ರಯಾಣ. "ಅದೆಲ್ಲ ಮೇಲಿನವರ ಕೆಲಸ, ನಮ್ಮ ಕೈಯಲ್ಲಿ ಏನಿದೆ" ಎಂದು ಕೈಚೆಲ್ಲುವ ಸದಸ್ಯರನ್ನು ಬಹಳ ನೋಡಿದ್ದೇನೆ. ನಾನು ಆ ಮಾತನ್ನು ಒಪ್ಪುವುದಿಲ್ಲ. ಬೆಂಗಳೂರಿನ ಅಧಿಕಾರಿ ನಮ್ಮೂರಿನ ಗೋಡೆಗಳನ್ನು ಕಣ್ಣಾರೆ ನೋಡಿ ಹಣ ಬಿಡುವುದಿಲ್ಲ. ಅವರು ನೋಡುವುದು ಪಂಚಾಯಿತಿ ಕಳಿಸಿದ ಪಟ್ಟಿಯನ್ನು ಮತ್ತು ಪಂಚಾಯಿತಿ ಸಿಬ್ಬಂದಿ ತೆಗೆದ ಫೋಟೊವನ್ನು. ಯಾರಿಗೆ ಮನೆ, ಯಾವ ಹಂತ ಮುಗಿದಿದೆ ಎಂಬ ಮಾತು ಊರಿನಿಂದಲೇ ಹೋಗುತ್ತದೆ. ಆ ಮಾತು ಸುಳ್ಳಾದರೆ ನಿಗಮಕ್ಕೆ ತಿಳಿಯುವುದಿಲ್ಲ, ನಿಮಗೆ ತಿಳಿಯುತ್ತದೆ. ಆದ್ದರಿಂದ ನಿಗಮದ ಮೇಲೆ ನಿಗಾ ಇಡುವ ಜಾಗ ನಿಮ್ಮ ಪಂಚಾಯಿತಿಯೇ.

ನಾನು 2015ರಲ್ಲಿ ಆರಿಸಿ ಬಂದು ಒಂದು ಅವಧಿ ಸದಸ್ಯೆಯಾಗಿದ್ದವಳು. ಊರು ಬಾಗಲಕೋಟೆ ಜಿಲ್ಲೆಯಲ್ಲಿ, ಗುಳೇದಗುಡ್ಡದಿಂದ ಆಚೆ ಮಲಪ್ರಭಾ ದಂಡೆಯಲ್ಲಿದೆ. ಮನೆಯಲ್ಲಿ ಖಣ ನೇಯುವ ಮಗ್ಗ, ಓದಿದ್ದು ಹತ್ತನೇ ತರಗತಿ. ಈಗ ಸುತ್ತಲಿನ ಹಳ್ಳಿಗಳಿಂದ ಹೊಸ ಸದಸ್ಯರು, ಅದರಲ್ಲೂ ಹೆಣ್ಣುಮಕ್ಕಳು, "ಅಕ್ಕಾ, ಮನೆಯ ವಿಷಯ ಹೇಗೆ ನೋಡಬೇಕು" ಎಂದು ಕೇಳಲು ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕೇಳುವ ಅಧಿಕಾರ ನಿಮಗಿದೆಯೇ ಎಂಬ ಅಳುಕು ಬೇಡ. ಸಂವಿಧಾನದ 73ನೇ ತಿದ್ದುಪಡಿಯೊಂದಿಗೆ ಸೇರಿದ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಗ್ರಾಮೀಣ ವಸತಿ ಹತ್ತನೆಯದು. ಇನ್ನೊಂದು ಮಾತು. ನಮ್ಮ ರಾಜ್ಯದಲ್ಲಿ ತಾಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಚುನಾಯಿತ ಅವಧಿ 2021ರಲ್ಲಿ ಮುಗಿದ ಮೇಲೆ ಅಲ್ಲಿ ಆಡಳಿತಾಧಿಕಾರಿಗಳು ಕೂತರು, ಚುನಾವಣೆ ವರ್ಷಗಟ್ಟಲೆ ಮುಂದೆ ಹೋಯಿತು. ಮೇಲಿನ ಎರಡು ಹಂತಗಳಲ್ಲಿ ಜನರ ಪರವಾಗಿ ಎದ್ದು ಪ್ರಶ್ನೆ ಕೇಳುವವರೇ ಇಲ್ಲದ ಕಾಲದಲ್ಲಿ ಗ್ರಾಮ ಸಭೆಯ ನಡಾವಳಿಗೆ (ಸಭೆಯಲ್ಲಿ ನಡೆದದ್ದರ ದಾಖಲೆಗೆ) ಇರುವ ತೂಕ ಇನ್ನೂ ಹೆಚ್ಚಾಯಿತು.

ಯೋಜನೆ ಯಾವುದು, ದುಡ್ಡು ಯಾರದು

ನಿಗಮ ಸ್ಥಾಪನೆಯಾದದ್ದು 2000ದಲ್ಲಿ. ರಾಜ್ಯದ ಯೋಜನೆಗಳೂ ಕೇಂದ್ರದ ಯೋಜನೆಯೂ ಅದರ ಮೂಲಕವೇ ಹರಿಯುತ್ತವೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಹೆಸರುಗಳು ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್, ದೇವರಾಜ ಅರಸು ವಸತಿ ಮತ್ತು ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ. ಜನರು ಎಲ್ಲವನ್ನೂ ಸೇರಿಸಿ "ಆಶ್ರಯ ಮನೆ" ಎನ್ನುತ್ತಾರೆ. ಸದಸ್ಯರಾದವರು ಹಾಗೆ ಸೇರಿಸಬಾರದು, ಏಕೆಂದರೆ ಆಯ್ಕೆಯ ದಾರಿ, ಮೊತ್ತ, ದೂರು ಹೇಳುವ ಜಾಗ ಎಲ್ಲವೂ ಬೇರೆ ಬೇರೆ.

ರಾಜ್ಯದ ಯೋಜನೆಗಳಲ್ಲಿ ಮೊದಲ ಮಾತು ಗ್ರಾಮ ಸಭೆಯದು. ದೇವರಾಜ ಅರಸು ಯೋಜನೆ ಇರುವುದು ವಿಧವೆಯರು, ಅಂಗವಿಕಲರು, ಮಾಜಿ ದೇವದಾಸಿಯರು, ಅಲೆಮಾರಿಗಳಂಥ ವಿಶೇಷ ವರ್ಗದವರಿಗೆ. ಕೇಂದ್ರದ ಯೋಜನೆಯಲ್ಲಿ 2011ರ ಸಾಮಾಜಿಕ ಆರ್ಥಿಕ ಜಾತಿ ಗಣತಿಯ ಪಟ್ಟಿ ಮತ್ತು ಆಮೇಲೆ ನಡೆದ ಆವಾಸ್ ಪ್ಲಸ್ ಸಮೀಕ್ಷೆಯ ಪಟ್ಟಿ ಮೊದಲೇ ಇರುತ್ತದೆ. ಗ್ರಾಮ ಸಭೆ ಅದನ್ನು ಪರಿಶೀಲಿಸಿ ಅನರ್ಹರನ್ನು ಕೈಬಿಡಬೇಕು. ಬಯಲುಸೀಮೆಯಲ್ಲಿ ಅದರ ನೆರವು 1.20 ಲಕ್ಷ ರೂಪಾಯಿ, ಕೇಂದ್ರ 60 ಮತ್ತು ರಾಜ್ಯ 40ರ ಪಾಲಿನಲ್ಲಿ. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು, ಅಡುಗೆಯ ಜಾಗವೂ ಅದರಲ್ಲೇ ಸೇರಬೇಕು. ಕೂಲಿಯ ಹಣ ಮತ್ತು ಶೌಚಾಲಯದ 12 ಸಾವಿರ ಬೇರೆ ಲೆಕ್ಕದಿಂದ ಬರುತ್ತವೆ. ಈ ಬೇರೆ ಲೆಕ್ಕದ ಹಣವನ್ನು ಎಷ್ಟೋ ಮನೆಯವರು ಕೇಳಿಯೇ ಇರುವುದಿಲ್ಲ. ನೀವು ಕೇಳಿಸಿ.

ಪಟ್ಟಿ

ನನ್ನ ಅನುಭವದಲ್ಲಿ ಕೆಡುಕು ಹುಟ್ಟುವುದು ಹೆಚ್ಚಾಗಿ ಇಲ್ಲಿಯೇ. ಆದ್ದರಿಂದ ಇದನ್ನು ಸಾವಕಾಶವಾಗಿ ಹೇಳುತ್ತೇನೆ.

ಗ್ರಾಮ ಸಭೆಗೆ ಮುಂಚೆ ವಾರ್ಡ್ ಸಭೆ ನಡೆಯಬೇಕು. ಅದರ ಅಧ್ಯಕ್ಷತೆ ಆ ವಾರ್ಡಿನ ಸದಸ್ಯರದು, ಅಂದರೆ ನಿಮ್ಮದು. ಎಷ್ಟೋ ಕಡೆ ವಾರ್ಡ್ ಸಭೆ ಕಾಗದದ ಮೇಲೆ ಮಾತ್ರ ನಡೆಯುತ್ತದೆ. ಬಿಲ್ ಕಲೆಕ್ಟರ್ ಮನೆ ಮನೆಗೆ ಪುಸ್ತಕ ತಂದು ಸಹಿ ಹಾಕಿಸಿಕೊಂಡು ಹೋಗುತ್ತಾನೆ. ಆ ಪುಸ್ತಕಕ್ಕೆ ನಿಮ್ಮ ಸಹಿ ಬೀಳದಿರಲಿ. ಹನುಮಪ್ಪನ ಗುಡಿಯ ಕಟ್ಟೆಯಾದರೂ ಸರಿ, ಶಾಲೆಯ ಪಡಸಾಲೆಯಾದರೂ ಸರಿ, ಜನ ಕೂರಲಿ.

ಯಾವ ದಿನ ಸಭೆ ಇಡುತ್ತೀರಿ ಎಂಬುದು ಬಹಳ ಮುಖ್ಯ. ನಮ್ಮ ಕಡೆ ಮನೆಯಿಲ್ಲದವರೇ ದುಡಿಯಲು ಗುಳೆ ಹೋಗುವವರು. ಗೋವಾ, ಮಂಗಳೂರು, ಕಬ್ಬು ಕಡಿಯುವ ಹಂಗಾಮಿನಲ್ಲಿ ಕಾರ್ಖಾನೆಗಳ ಸೀಮೆ. ಅವರು ಊರಲ್ಲಿ ಇಲ್ಲದ ವಾರದಲ್ಲಿ ಸಭೆ ಕರೆದರೆ ಪಟ್ಟಿಗೆ ಸೇರುವುದು ಊರಲ್ಲಿ ಗಟ್ಟಿಯಾಗಿ ಕೂತವರ ಹೆಸರು. ಪಂಚಮಿಗೆ, ಊರ ಜಾತ್ರೆಗೆ, ಇಲ್ಲವೇ ಬನಶಂಕರಿ ಜಾತ್ರೆಗೆ ಅವರು ಮರಳಿ ಬಂದಿರುತ್ತಾರೆ. ಆ ದಿನಗಳ ಆಸುಪಾಸಿನಲ್ಲಿ ಸಭೆ ಇಡಬೇಕೆಂದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಲಿಖಿತವಾಗಿ ಕೊಡಿ. ಸಂತೆಯ ದಿನ ಬೇಡವೇ ಬೇಡ. ಡಂಗುರ ಹಿಂದಿನ ದಿನ ಸಂಜೆ ಹಾಕಿಸಿ, ಹರಿಜನ ಕೇರಿಯ ಕೊನೆಯ ಮನೆಯವರೆಗೂ ಸದ್ದು ಮುಟ್ಟಿತೇ ಎಂದು ಖುದ್ದು ನಡೆದು ನೋಡಿ. ಫೋನಿಗೆ ಸಂದೇಶ ಬಂದಿದೆಯಲ್ಲ ಎನ್ನುತ್ತಾರೆ. ಓದಲು ಬಾರದ ಅವ್ವನಿಗೆ ಆ ಸಂದೇಶದಿಂದ ಏನು ಉಪಯೋಗ?

ಗ್ರಾಮ ಸಭೆಯ ಕೋರಂ ಒಟ್ಟು ಮತದಾರರ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅದು. ಬೇರೆ ಇಲಾಖೆಯ ಅಧಿಕಾರಿಯೊಬ್ಬರು ನೋಡಲ್ ಅಧಿಕಾರಿಯಾಗಿ ಬರುತ್ತಾರೆ. ಅವರನ್ನು ನಿಮ್ಮ ಸಾಕ್ಷಿ ಎಂದು ತಿಳಿಯಿರಿ. ಸಭೆ ಮುಗಿಯುವ ಮುಂಚೆ ಪಟ್ಟಿಯನ್ನು ಧ್ವನಿವರ್ಧಕದಲ್ಲಿ ಒಂದೊಂದೇ ಹೆಸರಾಗಿ ಓದಬೇಕೆಂದು ಕೇಳಿ: ಹೆಸರು, ಗಂಡನ ಅಥವಾ ತಂದೆಯ ಹೆಸರು, ಈಗ ಇರುವ ಮನೆ ಎಂಥದು. ಹೆಸರು ಕೇಳಿದ ಕೂಡಲೇ ಜನರೇ ಹೇಳುತ್ತಾರೆ. "ಅವರಿಗೆ ಹೋದ ಸಲವೇ ಮನೆ ಬಂದಿತ್ತು", "ಅವರ ಮಗನದು ಸ್ಲ್ಯಾಬ್ ಮನೆ ಇದೆ". ಅಧಿಕಾರಿಯ ತಪಾಸಣೆಗಿಂತ ಇದು ಎಷ್ಟೋ ಪಾಲು ಮೇಲು.

ಈಗ ನಡಾವಳಿ ಪುಸ್ತಕದ ಮಾತು. ಇದನ್ನು ತಪ್ಪದೆ ಮಾಡಿ. ಪಟ್ಟಿಯ ಕೊನೆಯ ಹೆಸರು ಬರೆದಾದ ಮೇಲೆ ಅದರ ಕೆಳಗಿನ ಸಾಲಿನಲ್ಲೇ "ಒಟ್ಟು ಹೆಸರುಗಳು 23, ಅಕ್ಷರದಲ್ಲಿ ಇಪ್ಪತ್ಮೂರು" ಎಂಬಂತೆ ಸಂಖ್ಯೆ ಬರೆಸಿ. ಉಳಿದ ಖಾಲಿ ಜಾಗಕ್ಕೆ ಮೂಲೆಯಿಂದ ಮೂಲೆಗೆ ಗೆರೆ ಎಳೆಸಿ. ಸಹಿಗಳು ಆಮೇಲೆ. ಸಹಿಗೂ ಪಟ್ಟಿಗೂ ನಡುವೆ ನಾಲ್ಕು ಬೆರಳು ಜಾಗ ಬಿಟ್ಟರೆ ಆ ಜಾಗದಲ್ಲಿ ರಾತ್ರಿ ಹೊಸ ಹೆಸರು ಹುಟ್ಟಿಕೊಳ್ಳುತ್ತದೆ; ಶಾಯಿ ಬೇರೆ, ಅಕ್ಷರ ಬೇರೆ, ಸಾಲುಗಳ ಅಂತರ ಇಕ್ಕಟ್ಟು. ಅಂಥ ಪುಟವನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಗೆರೆ ಎಳೆದ ಕೂಡಲೇ, ಸಭೆ ಇನ್ನೂ ಎದ್ದಿರದಾಗಲೇ, ಪ್ರತಿ ಪುಟದ ಫೋಟೊವನ್ನು ನಿಮ್ಮ ಮೊಬೈಲಿನಲ್ಲಿ ತೆಗೆದುಕೊಳ್ಳಿ. ನಿಗಮದ ತಂತ್ರಾಂಶಕ್ಕೆ ಪಟ್ಟಿ ಏರಿಸಿದ ಮೇಲೆ ಅದರ ಮುದ್ರಿತ ಪ್ರತಿ ಕೇಳಿ, ನಿಮ್ಮ ಫೋಟೊದೊಂದಿಗೆ ಹೆಸರಿಗೆ ಹೆಸರು ತಾಳೆ ಹಾಕಿ. ಕ್ರಮಸಂಖ್ಯೆ ಬದಲಾಗಿದ್ದರೂ ಕೇಳಬೇಕು. ಈ ಸಲ ಪಂಚಾಯಿತಿಗೆ ಬಂದ ಗುರಿ, ಅಂದರೆ ಕೊಡಬಹುದಾದ ಮನೆಗಳ ಸಂಖ್ಯೆ, ಹತ್ತೇ ಎಂದಾದರೆ ಹನ್ನೊಂದನೆಯವಳು ಒಂಬತ್ತನೆಯವಳಾಗುವುದು ಸಣ್ಣ ವಿಷಯವಲ್ಲ.

ಬಿಟ್ಟುಹೋದವರನ್ನು ಹುಡುಕುವುದು

ಪಟ್ಟಿಯಲ್ಲಿ ಸುಳ್ಳು ಹೆಸರು ತೆಗೆಸಿದರೆ ಅರ್ಧ ಕೆಲಸ. ಉಳಿದರ್ಧ, ಹೆಸರೇ ಇಲ್ಲದವರನ್ನು ಹುಡುಕುವುದು. ಹೆಚ್ಚಾಗಿ ಅವರು ಯಾರೆಂದರೆ, ಉತಾರ (ಜಾಗದ ದಾಖಲೆ) ಇಲ್ಲದವರು. ಹಿಂದಿನ ಪೀಳಿಗೆಯ ಹೆಸರಿನಲ್ಲೇ ಜಾಗ ಇರುತ್ತದೆ, ನಾಲ್ಕು ಅಣ್ಣತಮ್ಮಂದಿರಲ್ಲಿ ವಾಟ್ನಿ (ಪಾಲು) ಆಗಿರುವುದಿಲ್ಲ, ಅಥವಾ ಗಾಂವಠಾಣದ (ಊರಿನ ವಾಸದ ಜಾಗದ) ಹೊರಗೆ ಗುಡಿಸಲು ಹಾಕಿರುತ್ತಾರೆ. ಪಂಚಾಯಿತಿ ಕೊಡುವ ಆಸ್ತಿ ದಾಖಲೆಯಾದ ಇ-ಸ್ವತ್ತು ನಮೂನೆ 9 ಮತ್ತು 11 ಇಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ ಎಂದು ಕಚೇರಿಯಲ್ಲಿ ಹೇಳಿಬಿಡುತ್ತಾರೆ, ಆ ಹೆಣ್ಣುಮಗಳು ಅಳುತ್ತ ಮನೆಗೆ ಹೋಗುತ್ತಾಳೆ. ಮನೆಯ ಗುರಿ ಬಂದ ಮೇಲೆ ಈ ಕಾಗದ ಮಾಡಿಸಲು ಓಡಿದರೆ ಹೊತ್ತು ಸಾಲದು. ಗುರಿ ಬರುವ ಮುಂಚೆಯೇ ನಿಮ್ಮ ವಾರ್ಡಿನಲ್ಲಿ ಉತಾರ ಇಲ್ಲದವರ ಪಟ್ಟಿ ಮಾಡಿ, ಪಂಚಾಯಿತಿ ಸದಸ್ಯರ ಸಾಮಾನ್ಯ ಸಭೆಯಲ್ಲಿ ವಿಷಯ ಇಡಿ, ಪ್ರತಿಯೊಬ್ಬರ ಅರ್ಜಿ ಎಲ್ಲಿ ನಿಂತಿದೆ ಎಂದು ಪಿಡಿಒ ಅವರಿಂದ ಉತ್ತರ ದಾಖಲಿಸಿ.

ಇನ್ನು ಕೆಲವರನ್ನು ಹಳೆಯ ನಿಯಮ ಹೇಳಿ ಹೊರಗಿಡುತ್ತಾರೆ. ಕೇಂದ್ರದ ಯೋಜನೆಯಲ್ಲಿ ಮೊದಲು ಮೋಟಾರ್ ಸೈಕಲ್ ಇದ್ದರೆ, ಫ್ರಿಜ್ ಇದ್ದರೆ, ಸ್ಥಿರ ದೂರವಾಣಿ ಇದ್ದರೆ ಮನೆ ಇಲ್ಲ ಎಂಬ ಷರತ್ತು ಇತ್ತು. 2024ರಲ್ಲಿ ಆ ಷರತ್ತುಗಳನ್ನು ತೆಗೆದರು. ತಿಂಗಳ ಆದಾಯದ ಮಿತಿಯನ್ನೂ 10 ಸಾವಿರದಿಂದ 15 ಸಾವಿರಕ್ಕೆ ಏರಿಸಿದರು. ಎರಡೂವರೆ ಎಕರೆ ಅಥವಾ ಹೆಚ್ಚು ನೀರಾವರಿ, ಐದು ಎಕರೆ ಅಥವಾ ಹೆಚ್ಚು ಒಣಬೇಸಾಯದ ಜಮೀನು ಇದ್ದವರಿಗೆ ಇಲ್ಲ ಎಂಬ ಷರತ್ತು ಇದೆ. ಹಳೆಯ ಬೈಕಿನ ಕಾರಣ ಹೇಳಿ ಯಾರನ್ನಾದರೂ ಕೈಬಿಟ್ಟಿದ್ದರೆ ಈ ಬದಲಾವಣೆಯನ್ನು ಸಭೆಯಲ್ಲಿ ಗಟ್ಟಿಯಾಗಿ ಹೇಳಿ.

ನಮ್ಮ ಜಿಲ್ಲೆಯಲ್ಲಿ ಮಾಜಿ ದೇವದಾಸಿಯರ ಮನೆಗಳಿಗೆ ತಾವಾಗಿಯೇ ಯಾರೂ ಹೋಗುವುದಿಲ್ಲ. ನೀವು ಹೋಗಿ. ಅವರಲ್ಲಿ ಅನೇಕರು ಸಭೆಗೆ ಬಂದರೂ ಹಿಂದೆ ನಿಲ್ಲುತ್ತಾರೆ, ಬಾಯಿ ತೆರೆಯುವುದಿಲ್ಲ. ಅವರ ಅರ್ಜಿಯನ್ನು ನೀವೇ ಬರೆದು, ಓದಿ ಹೇಳಿ, ಸ್ವೀಕೃತಿ ಪಡೆದು ಅವರ ಕೈಗೆ ಕೊಡಿ. ಪಂಚಾಯಿತಿಯ ಸಾಮಾಜಿಕ ನ್ಯಾಯ ಸಮಿತಿ ಇರುವುದು ಇಂಥ ಕೆಲಸಕ್ಕೇ. ಆ ಸಮಿತಿ ಕೊನೆಯ ಸಲ ಯಾವಾಗ ಸೇರಿತ್ತು ಎಂದು ಒಮ್ಮೆ ಕೇಳಿ ನೋಡಿ.

ಫೋಟೊ ಮತ್ತು ಕಂತು

ಕಾಮಗಾರಿ ಆದೇಶ ಬಂದ ಮೇಲೆ ಹಣ ಒಂದೇ ಸಲ ಬರುವುದಿಲ್ಲ. ಬುನಾದಿ, ಲಿಂಟಲ್ (ಬಾಗಿಲು ಕಿಟಕಿಯ ಮೇಲಿನ ಅಡ್ಡಪಟ್ಟಿ), ಛಾವಣಿ, ಪೂರ್ಣ. ಒಂದೊಂದು ಹಂತ ಮುಗಿದಾಗಲೂ ಪಂಚಾಯಿತಿ ಸಿಬ್ಬಂದಿ ಮೊಬೈಲ್ ಆ್ಯಪ್‌ನಲ್ಲಿ ಜಿಪಿಎಸ್ ಸಹಿತ ಫೋಟೊ ತೆಗೆದು ಏರಿಸಬೇಕು, ಅದರ ಮೇಲೆ ಕಂತು ಬಿಡುಗಡೆಯಾಗಿ ಫಲಾನುಭವಿಯ ಖಾತೆಗೆ ನೇರವಾಗಿ ಬೀಳುತ್ತದೆ. ಹೇಳಲು ಇದು ಚೆಂದದ ಏರ್ಪಾಡು. ನಡುವೆ ಗುತ್ತಿಗೆದಾರನಿಲ್ಲ, ಚೆಕ್ ಇಲ್ಲ. ಆದರೆ ಫೋಟೊ ತೆಗೆಯುವ ಕೈಯೇ ಈಗ ಬಾಗಿಲು ಕಾಯುವ ಕೈಯಾಗಿದೆ. ಆ ಮನುಷ್ಯ ಬಂದರೆ ಕಂತು ಬರುತ್ತದೆ, ಬಾರದಿದ್ದರೆ ಇಲ್ಲ. ಗೋಡೆ ಲಿಂಟಲ್ ಮಟ್ಟಕ್ಕೆ ಬಂದು ತಿಂಗಳಾದರೂ ಫೋಟೊ ತೆಗೆಯಲು ಯಾರೂ ಬಂದಿಲ್ಲ ಎಂದರೆ, ಗೌಂಡಿ ಬೇರೆ ಊರಿನ ಕೆಲಸಕ್ಕೆ ಹೋಗಿಬಿಡುತ್ತಾನೆ, ಸಿಮೆಂಟಿನ ಸಾಲಕ್ಕೆ ಬಡ್ಡಿ ಏರುತ್ತದೆ. ಆಗ ಒಬ್ಬ ಮಧ್ಯವರ್ತಿ ಬಂದು "ಎರಡು ಸಾವಿರ ಕೊಟ್ಟರೆ ನಾಳೆಯೇ ಫೋಟೊ" ಎನ್ನುತ್ತಾನೆ.

ಇದಕ್ಕೆ ನಾನು ಕಂಡುಕೊಂಡ ಮದ್ದು ಸರಳ. ನಿಮ್ಮ ವಾರ್ಡಿನ ಪ್ರತಿ ಮನೆಗೆ ಒಂದು ಪುಟ ಇರುವ ವಹಿ ಇಡಿ. ಹೆಸರು, ಫಲಾನುಭವಿ ಸಂಕೇತ ಸಂಖ್ಯೆ, ಯೋಜನೆ, ಆದೇಶದ ದಿನಾಂಕ. ಅದರ ಕೆಳಗೆ ಮೂರು ಕಾಲಂ: ಹಂತ ಮುಗಿದ ದಿನ, ಫೋಟೊ ತೆಗೆದ ದಿನ, ಹಣ ಬಿದ್ದ ದಿನ. ಮೂರು ದಿನಾಂಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ತಡ ಎಲ್ಲಿದೆ ಎಂದು ಯಾರೂ ವಾದ ಮಾಡಬೇಕಾಗಿಲ್ಲ. ಮೊದಲ ಎರಡರ ನಡುವೆ ಅಂತರ ಇದ್ದರೆ ತಡ ಪಂಚಾಯಿತಿಯದು. ಕೊನೆಯ ಎರಡರ ನಡುವೆ ಇದ್ದರೆ ತಾಲೂಕು ಅಥವಾ ನಿಗಮದ್ದು. ಯಾರನ್ನು ಕೇಳಬೇಕೋ ಅವರನ್ನೇ ಕೇಳಬಹುದು. ಎಲ್ಲದಕ್ಕೂ ಪಿಡಿಒ ಅವರನ್ನೇ ಬೈಯುವುದು ನ್ಯಾಯವಲ್ಲ. ಎರಡು ಪಂಚಾಯಿತಿಗಳ ಹೊಣೆ ಒಬ್ಬರ ಮೇಲೆಯೇ ಬಿದ್ದಾಗ ಅವರು ಯಾವ ಪಾಡು ಪಡುತ್ತಾರೆ ಎಂಬುದನ್ನೂ ನೋಡಿದ್ದೇನೆ.

ಹಣ ಬಿಡುಗಡೆಯಾದದ್ದು ನಿಗಮದ ಆಶ್ರಯ ಜಾಲತಾಣದಲ್ಲಿ ಕಾಣುತ್ತದೆ. ಸಂಕೇತ ಸಂಖ್ಯೆ ಹಾಕಿದರೆ ಸಾಕು. ಓದುವ ಮಕ್ಕಳಿರುವ ಮನೆಯಲ್ಲಿ ಮಕ್ಕಳಿಗೇ ಕಲಿಸಿಬಿಡಿ.

ಫೋಟೊದ ಸತ್ಯವನ್ನು ಪರೀಕ್ಷಿಸುವುದು ಹೇಗೆ? ಸಾಮಾನ್ಯ ಸಭೆಯಲ್ಲಿ ವಿಷಯ ಇಟ್ಟು, ಪಿಡಿಒ ಲಾಗಿನ್‌ನಲ್ಲಿ ಏರಿಸಿದ ಫೋಟೊಗಳನ್ನು ಎಲ್ಲ ಸದಸ್ಯರ ಮುಂದೆ ಪರದೆಯ ಮೇಲೆ ತೋರಿಸಲು ಕೇಳಿ. ನೋಡುವಾಗ ಗೋಡೆಯನ್ನು ನೋಡಬೇಡಿ, ಗೋಡೆಯ ಹಿಂದೆ ಏನಿದೆ ನೋಡಿ. ಒಂದು ಪಂಚಾಯಿತಿಯ ಸದಸ್ಯೆಯೊಬ್ಬರು ಹೀಗೆಯೇ ಹಿಡಿದರು. ಎರಡು ಬೇರೆ ಹೆಸರುಗಳ ಲಿಂಟಲ್ ಹಂತದ ಫೋಟೊ. ಮುಂದೆ ನಿಂತ ಹೆಂಗಸರು ಬೇರೆ, ಸೀರೆ ಬೇರೆ. ಆದರೆ ಎರಡರಲ್ಲೂ ಬಲಗಡೆ ಒಂದೇ ಬೇವಿನ ಮರ, ಅದರ ಕೊಂಬೆಗೆ ಕಟ್ಟಿದ ಒಂದೇ ಹರಿದ ನೀಲಿ ತಾಡಪತ್ರಿ. ಬಾಗಿಲ ಚೌಕಟ್ಟಿನ ಎಡಗಾಲಿನ ಹತ್ತಿರ ಒಂದೇ ಇಟ್ಟಿಗೆ ಮುರಿದಿತ್ತು. ಕಟ್ಟಿದ್ದು ಒಂದು ಮನೆ, ಕಂತು ಹೋಗಿದ್ದು ಎರಡು ಖಾತೆಗೆ. ಆಕೆ ಕೂಗಾಡಲಿಲ್ಲ. ಎರಡು ಸಂಕೇತ ಸಂಖ್ಯೆಗಳನ್ನು ಬರೆದುಕೊಂಡು, ಸ್ಥಳ ಪರಿಶೀಲನೆ ಆಗಬೇಕು ಎಂದು ಠರಾವು (ನಿರ್ಣಯ) ಮಂಡಿಸಿದರು. ಸ್ಥಳಕ್ಕೆ ಹೋದಾಗ ಎರಡನೆಯ ಮನೆಯ ಜಾಗದಲ್ಲಿ ಬಣವೆ ಇತ್ತು.

ಸಭೆಯಲ್ಲಿ ವಿಷಯ ಇಡಲು ಅಧ್ಯಕ್ಷರು ಒಪ್ಪದಿದ್ದರೆ ದಾರಿಯಿದೆ. ಒಟ್ಟು ಸದಸ್ಯರಲ್ಲಿ ಮೂರನೇ ಒಂದು ಭಾಗದವರು ಸಹಿ ಮಾಡಿ ಕೊಟ್ಟರೆ ವಿಶೇಷ ಸಭೆ ಕರೆಯಲೇಬೇಕು. ಹದಿನೈದು ಸದಸ್ಯರ ಪಂಚಾಯಿತಿಯಲ್ಲಿ ಐದು ಜನ. ಐದು ಹೆಣ್ಣುಮಕ್ಕಳು ಒಂದಾದರೆ ಆಗುವ ಕೆಲಸ.

ಪಾಸ್‌ಬುಕ್

ಖಾತೆಗೆ ಹಣ ಬಿದ್ದಿತು ಎಂದರೆ ಫಲಾನುಭವಿಯ ಕೈಗೆ ಬಂದಿತು ಎಂದು ತಿಳಿಯಬೇಡಿ. ಆಧಾರ್ ಜೋಡಣೆಯಾದ ಖಾತೆಗೆ ಹಣ ಹೋಗುತ್ತದೆ. ವಯಸ್ಸಾದವರಿಗೆ ಎರಡು ಮೂರು ಖಾತೆ ಇರುತ್ತವೆ, ಯಾವುದಕ್ಕೆ ಜೋಡಣೆಯಾಗಿದೆ ಎಂಬುದೇ ಗೊತ್ತಿರುವುದಿಲ್ಲ. ನಾವು ಒಂದು ಪಾಸ್‌ಬುಕ್ ನೋಡುತ್ತ "ಬಂದಿಲ್ಲ" ಎಂದು ಜಗಳ ಮಾಡುತ್ತಿರುತ್ತೇವೆ, ಹಣ ಇನ್ನೊಂದರಲ್ಲಿ ಕೂತಿರುತ್ತದೆ. ಮೊದಲು ಬ್ಯಾಂಕಿನಲ್ಲಿ ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಎಂದು ಕೇಳಿ ಬರುವುದು ಒಳ್ಳೆಯದು.

ಇನ್ನೊಂದು ಕೆಟ್ಟ ರೂಢಿ ಇದೆ. ಮನೆ ಕಟ್ಟಿಸಿಕೊಡುತ್ತೇನೆ ಎಂದು ಒಬ್ಬನು ಬಂದು ಪಾಸ್‌ಬುಕ್, ಎಟಿಎಂ ಕಾರ್ಡು ಎರಡನ್ನೂ ತನ್ನ ಹತ್ತಿರ ಇಟ್ಟುಕೊಳ್ಳುತ್ತಾನೆ. ಬಡವರು ಏಕೆ ಕೊಡುತ್ತಾರೆ ಎಂದು ಕೇಳುವವರಿಗೆ ನನ್ನ ಉತ್ತರ: ರಾಜ್ಯದ ಯೋಜನೆಗಳಲ್ಲಿ ಮೊದಲ ಕಂತು ಬರುವುದು ಬುನಾದಿ ಮುಗಿದ ಮೇಲೆ. ಆ ಬುನಾದಿಗೆ ಕಲ್ಲು, ಉಸುಕು, ಕೂಲಿ ಯಾರು ಕೊಡಬೇಕು? ಕೈಯಲ್ಲಿ ದುಡ್ಡಿಲ್ಲದವರಿಗೆ ಆ ಮನುಷ್ಯನೇ ದಾರಿಯಾಗಿ ಕಾಣುತ್ತಾನೆ. ಬರಿ "ಕಾರ್ಡು ಕೊಡಬೇಡಿ" ಎಂದರೆ ಪ್ರಯೋಜನವಿಲ್ಲ. ನಮ್ಮ ಊರಿನಲ್ಲಿ ಸ್ವಸಹಾಯ ಸಂಘದ ಅಕ್ಕಂದಿರ ಜೊತೆ ಮಾತಾಡಿ, ಬುನಾದಿಯ ಖರ್ಚಿಗೆ ಸಂಘದಿಂದ ಸಾಲ ಕೊಟ್ಟು ಮೊದಲ ಕಂತಿನಲ್ಲಿ ಮರಳಿ ಪಡೆಯುವಂತೆ ಮಾಡಿದೆವು. ಮಧ್ಯವರ್ತಿಯ ಜೋರು ತಾನಾಗಿಯೇ ತಗ್ಗಿತು. ನಿಗಾ ಎಂದರೆ ತಪ್ಪು ಹಿಡಿಯುವುದೊಂದೇ ಎಂದು ನಾನು ತಿಳಿದಿಲ್ಲ. ತಪ್ಪಿಗೆ ಎಡೆಯಾಗುವ ಬಡತನವನ್ನೂ ನೋಡಬೇಕು.

ಪ್ರವಾಹದಲ್ಲಿ ಬಿದ್ದ ಮನೆಗಳು

ಬೆಳಗಾವಿ, ಬಾಗಲಕೋಟೆ ಜಿಲ್ಲೆಯವರು ಇದನ್ನು ಓದುತ್ತಿದ್ದರೆ 2019ರ ಆಗಸ್ಟ್ ನೆನಪಿರುತ್ತದೆ. ನವಿಲುತೀರ್ಥ ಜಲಾಶಯದಿಂದ ನೀರು ಬಿಟ್ಟು ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನುಗ್ಗಿದ್ದಳು. ಘಟಪ್ರಭೆ, ಕೃಷ್ಣೆಯ ದಂಡೆಗಳಲ್ಲೂ ಅದೇ ಗತಿ. ಆಗ ಬಿದ್ದ ಮನೆಗಳ ಪರಿಹಾರವೂ ಇದೇ ನಿಗಮದ ತಂತ್ರಾಂಶದ ಮೂಲಕವೇ ಹೋಯಿತು. ಶೇ 75ಕ್ಕಿಂತ ಹೆಚ್ಚು ಹಾನಿಯಾದದ್ದು ಎ ವರ್ಗ, ಐದು ಲಕ್ಷ. 25ರಿಂದ 75ರವರೆಗೆ ಬಿ ವರ್ಗ, ಕೆಡವಿ ಕಟ್ಟಿದರೆ ಐದು ಲಕ್ಷ, ದುರಸ್ತಿಗೆ ಮೂರು. 15ರಿಂದ 25 ಸಿ ವರ್ಗ, 50 ಸಾವಿರ. ಒಂದು ಅಕ್ಷರಕ್ಕೆ ಲಕ್ಷಗಳ ಅಂತರ. ಆ ಅಕ್ಷರ ಬರೆದದ್ದು ಊರಿಗೆ ಬಂದ ಸಮೀಕ್ಷೆ ತಂಡ, ಅದೂ ಜನರೆಲ್ಲ ಗಂಜಿ ಕೇಂದ್ರದಲ್ಲಿ, ತಗಡಿನ ಶೆಡ್ಡಿನಲ್ಲಿ ಇದ್ದಾಗ. ಮಣ್ಣಿನ ಮಾಳಿಗೆ ಪೂರ್ತಿ ಕುಸಿದವರಿಗೆ ಸಿ, ಹಿತ್ತಲ ಗೋಡೆ ಬಿರುಕು ಬಿಟ್ಟವರಿಗೆ ಎ ಎಂಬ ಜಗಳ ದಂಡೆಯ ಯಾವ ಊರಿನಲ್ಲಿ ಇರಲಿಲ್ಲ ಹೇಳಿ.

ಮುಂದೆ ಇಂಥದು ಬಂದರೆ, ನದಿ ದಂಡೆಯವರಿಗೆ ಅದು ಬಂದೇ ಬರುತ್ತದೆ, ಮೂರು ಕೆಲಸ ಮೊದಲ ವಾರದಲ್ಲೇ ಆಗಬೇಕು. ನೀರು ಇಳಿದ ದಿನವೇ ಪ್ರತಿ ಮನೆಯ ಮುಂದೆ ಮನೆಯವರನ್ನು ನಿಲ್ಲಿಸಿ ಹೊರಗಿನಿಂದ ನಾಲ್ಕು ದಿಕ್ಕು, ಒಳಗಿನಿಂದ ಛಾವಣಿ, ಇಷ್ಟೂ ಫೋಟೊ ತೆಗೆಯಿರಿ. ಸಮೀಕ್ಷೆ ತಂಡದೊಂದಿಗೆ ನೀವೂ ಓಣಿ ಓಣಿ ನಡೆಯಿರಿ, ಅವರು ಬರೆದ ಅಕ್ಷರವನ್ನು ಅಲ್ಲೇ ನಿಮ್ಮ ವಹಿಯಲ್ಲಿ ಬರೆದುಕೊಳ್ಳಿ. ತಂತ್ರಾಂಶಕ್ಕೆ ಏರಿಸುವ ಮುಂಚೆ ವರ್ಗವಾರು ಪಟ್ಟಿಯನ್ನು ಪಂಚಾಯಿತಿಯ ಫಲಕಕ್ಕೆ ಹಚ್ಚಿಸಿ. ಆಮೇಲೆ ಅಕ್ಷರ ಬದಲಾಯಿಸುವುದು ಎಷ್ಟು ಕಷ್ಟ ಎಂಬುದು ಇವತ್ತಿಗೂ ಕಚೇರಿ ಅಲೆಯುತ್ತಿರುವವರಿಗೆ ಗೊತ್ತು.

ಕೇಳುವ ಬಾಗಿಲುಗಳು

ಗ್ರಾಮ ಪಂಚಾಯಿತಿಯ ಜಮಾಬಂದಿ ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ನಡೆಯುತ್ತದೆ. ಅಧಿಕಾರಿಗಳು ಲೆಕ್ಕಪತ್ರ ಜನರ ಮುಂದೆ ಇಡಬೇಕಾದ ದಿನ ಅದು. ನಿಮ್ಮ ವಹಿ ತೆಗೆದುಕೊಂಡು ಹೋಗಿ. ಆವಾಸ್ ಮನೆಗಳಿಗೆ ವರ್ಷಕ್ಕೊಮ್ಮೆಯಾದರೂ ಸಾಮಾಜಿಕ ಪರಿಶೋಧನೆ ಆಗಬೇಕೆಂಬ ನಿಯಮವಿದೆ. ಪರಿಶೋಧನೆ ತಂಡ ಊರಿಗೆ ಬಂದಾಗ ಅವರನ್ನು ಕಚೇರಿಯಲ್ಲೇ ಕೂರಿಸಿ ಚಹಾ ಕುಡಿಸಿ ಕಳಿಸಲು ಬಿಡಬೇಡಿ, ಮನೆಗಳ ಮುಂದೆ ಕರೆದೊಯ್ಯಿರಿ. ಕೇಂದ್ರದ ಯೋಜನೆಯಾದರೆ ಸಂಸದರ ಅಧ್ಯಕ್ಷತೆಯಲ್ಲಿ ಅಂಥ ಯೋಜನೆಗಳನ್ನು ಪರಿಶೀಲಿಸುವ ದಿಶಾ ಸಮಿತಿಗೂ, ರಾಜ್ಯದ ಯೋಜನೆಯಾದರೆ ತಾಲೂಕಿನಲ್ಲಿ ಶಾಸಕರು ನಡೆಸುವ ಕೆಡಿಪಿ (ಪ್ರಗತಿ ಪರಿಶೀಲನೆ) ಸಭೆಗೂ ಲಿಖಿತವಾಗಿ ವಿಷಯ ಕಳಿಸಬಹುದು. ಬರಿ ಬಾಯಿಮಾತು ಸಭೆಯ ಗದ್ದಲದಲ್ಲಿ ಕಳೆದುಹೋಗುತ್ತದೆ.

ಉತ್ತರ ಸಿಗದಿದ್ದಾಗ ಮಾಹಿತಿ ಹಕ್ಕು. ಸದಸ್ಯರಿಗೆ ದಾಖಲೆ ನೋಡುವ ಹಕ್ಕು ಹೇಗೂ ಇದೆ, ಆದರೂ ಮಾಹಿತಿ ಹಕ್ಕಿನ ಅರ್ಜಿಗೆ ಒಂದು ಲಾಭವಿದೆ: 30 ದಿನಗಳ ಗಡುವು ಓಡತೊಡಗುತ್ತದೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿ, 150 ಪದಗಳ ಒಳಗೆ ಇರಬೇಕು. ಆದ್ದರಿಂದ ಅಳಲು ತೋಡಿಕೊಳ್ಳುವುದನ್ನು ಬಿಟ್ಟು ದಾಖಲೆ ಕೇಳಿ. "ಏಕೆ ಕೊಟ್ಟಿಲ್ಲ" ಎಂದು ಕೇಳಿದರೆ "ಪ್ರಶ್ನೆ ರೂಪದಲ್ಲಿದೆ" ಎಂದು ಹಿಂದಿರುಗಿಸುತ್ತಾರೆ. ನಾನು ಬರೆದುಕೊಡುವುದು ಹೀಗೆ: "ನಮ್ಮ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ 2022ರ ಏಪ್ರಿಲ್ 1ರಿಂದ ಈವರೆಗೆ ಬಸವ ವಸತಿ ಯೋಜನೆಯಡಿ ಮಂಜೂರಾದ ಫಲಾನುಭವಿಗಳ ಪಟ್ಟಿ, ಅವರನ್ನು ಆಯ್ಕೆ ಮಾಡಿದ ಗ್ರಾಮ ಸಭೆಯ ನಡಾವಳಿಯ ದೃಢೀಕೃತ ಪ್ರತಿ, ಪ್ರತಿಯೊಬ್ಬರಿಗೆ ಬಿಡುಗಡೆಯಾದ ಕಂತುಗಳ ದಿನಾಂಕ ಮತ್ತು ಮೊತ್ತದ ವಿವರ ಒದಗಿಸಬೇಕು." ಇಷ್ಟೇ. ಬ್ಯಾಂಕ್ ಖಾತೆ ಸಂಖ್ಯೆ, ಆಧಾರ್ ಸಂಖ್ಯೆ ಕೇಳಬೇಡಿ, ಅದು ಖಾಸಗಿ, ಕೊಡುವುದೂ ಇಲ್ಲ. ಸಹಾಯಧನ ಪಡೆದವರ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂದು ಅದೇ ಕಾಯ್ದೆಯ ಕಲಂ 4(1)(ಬಿ) ಹೇಳುತ್ತದೆ. ಅರ್ಜಿಯಲ್ಲಿ ಆ ಕಲಂ ಹೆಸರಿಸಿ.

ಗಡುವು ಮುಗಿದರೂ ಉತ್ತರ ಬಾರದಿದ್ದರೆ 30 ದಿನಗಳಲ್ಲಿ ಮೊದಲ ಮೇಲ್ಮನವಿ, ಗ್ರಾಮ ಪಂಚಾಯಿತಿಯ ವಿಷಯವಾದರೆ ತಾಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ. ಅದೂ ಆಗದಿದ್ದರೆ 90 ದಿನಗಳಲ್ಲಿ ಮಾಹಿತಿ ಆಯೋಗಕ್ಕೆ. ಆಯೋಗದ ಪೀಠ ಬೆಳಗಾವಿಯಲ್ಲೂ ಇದೆ. ಲಂಚ ಕೇಳಿದ ವಿಷಯವಾದರೆ ಇಷ್ಟೆಲ್ಲ ಕಾಯಬೇಕಿಲ್ಲ. ಲೋಕಾಯುಕ್ತಕ್ಕೆ ದೂರು ಕೊಡಲು ನಮೂನೆ 1 ಮತ್ತು ಪ್ರಮಾಣಪತ್ರದ ನಮೂನೆ 2 ತುಂಬಬೇಕು. ದೂರು ಕೊಡುವವಳು ಒಬ್ಬ ಬಡ ವಿಧವೆಯಾಗಿದ್ದರೆ ಅವಳೊಬ್ಬಳನ್ನೇ ಮುಂದೆ ಬಿಡಬೇಡಿ. ನಾಳೆ ಅವಳ ಮುಂದಿನ ಕಂತು ಅದೇ ಕಚೇರಿಯಿಂದಲೇ ಬರಬೇಕು. ಸದಸ್ಯರು ತಮ್ಮ ಹೆಸರಿನಲ್ಲಿ ದೂರು ಕೊಡಲಿ. ನಾವು ವೋಟು ಕೇಳಿ ಗೆದ್ದು ಬಂದಿರುವುದು ಇದಕ್ಕೇ.

ತಡೆಹಿಡಿದ ಮನೆಗಳು

ಹೊಸ ಸದಸ್ಯರು ಸಾಮಾನ್ಯವಾಗಿ ಹೊಸ ಮನೆಗಳ ಹಿಂದೆ ಓಡುತ್ತಾರೆ. ಅದಕ್ಕಿಂತ ಮುಂಚೆ ಹಳೆಯ ಪಟ್ಟಿ ತೆಗೆಸಿ. ಕಾಲಮಿತಿಯಲ್ಲಿ ಶುರುವಾಗದ, ಅಥವಾ ನಡುವೆ ನಿಂತ ಮನೆಗಳನ್ನು ನಿಗಮ ತಡೆಹಿಡಿಯುವುದುಂಟು. ಬ್ಲಾಕ್ ಆಗಿದೆ ಎನ್ನುತ್ತಾರೆ. ಬುನಾದಿ ಹಾಕಿ, ಗೋಡೆ ಏರಿಸಿ, ಮೇಲೆ ತಾಡಪತ್ರಿ ಹೊದಿಸಿ ವರ್ಷಗಳಿಂದ ಅದರೊಳಗೇ ವಾಸ ಮಾಡುವವರು ಪ್ರತಿ ಊರಿನಲ್ಲೂ ಇದ್ದಾರೆ. ಅವರಿಗೆ ಮತ್ತೆ ಹೊಸ ಮನೆ ಮಂಜೂರಾಗುವುದಿಲ್ಲ, ಏಕೆಂದರೆ ದಾಖಲೆಯಲ್ಲಿ ಅವರು ಆಗಲೇ ಫಲಾನುಭವಿ.

ಪಿಡಿಒ ಅವರಿಂದ ಇಂಥ ಮನೆಗಳ ಪಟ್ಟಿಯನ್ನು ಯೋಜನೆ ಮತ್ತು ವರ್ಷವಾರು ಪಡೆಯಿರಿ. ಒಂದೊಂದು ಮನೆಗೂ ಹೋಗಿ ನಿಂತ ಕಾರಣ ಬರೆಯಿರಿ: ಫಲಾನುಭವಿ ತೀರಿಕೊಂಡು ವಾರಸುದಾರರ ಹೆಸರು ಬದಲಾಗಿಲ್ಲವೇ, ಫೋಟೊ ಏರಿಸಿಲ್ಲವೇ, ಜಾಗದ ತಕರಾರೇ, ದುಡ್ಡು ಸಾಲದೇ ನಿಂತಿದೆಯೇ. ಮನೆಯ ಇಂದಿನ ಸ್ಥಿತಿಯ ಫೋಟೊ ಲಗತ್ತಿಸಿ, ಸಾಮಾನ್ಯ ಸಭೆಯಲ್ಲಿ ಹೆಸರುವಾರು ಠರಾವು ಮಾಡಿಸಿ, ಕಾರ್ಯನಿರ್ವಾಹಕ ಅಧಿಕಾರಿಯ ಶಿಫಾರಸಿನೊಂದಿಗೆ ಜಿಲ್ಲಾ ಪಂಚಾಯಿತಿಯ ಮೂಲಕ ನಿಗಮಕ್ಕೆ ಕಳಿಸಿ. ಕಳಿಸಿದ ಪತ್ರದ ಸಂಖ್ಯೆ ಮತ್ತು ದಿನಾಂಕವನ್ನು ಆ ಮನೆಯವರ ಕೈಯಲ್ಲೂ ಬರೆದುಕೊಡಿ. ಮುಂದಿನ ಪ್ರತಿ ಸಾಮಾನ್ಯ ಸಭೆಯಲ್ಲಿ, ಉಳಿದ ವಿಷಯಗಳಿಗಿಂತ ಮುಂಚೆ, ಆ ಪತ್ರಕ್ಕೆ ಉತ್ತರ ಬಂದಿದೆಯೇ ಎಂದು ಕೇಳಿ, ಬಂದಿಲ್ಲ ಎಂದರೆ "ಬಂದಿಲ್ಲ" ಎಂದೇ ನಡಾವಳಿಯಲ್ಲಿ ಬರೆಸಿ.